ಶಬ್ಬಾತ್‌ಗೆ ಕತ್ತರಿಸಿಟ್ಟ ಟಾಯ್ಲೆಟ್ ಪೇಪರ್: ಯಾವುದು ತಗೋಬೇಕು?

ಇಸ್ರೇಲ್‌ನಲ್ಲಿ ಕೇರ್‌ಗಿವರ್ ಕೆಲಸಕ್ಕೆ ಮಂಗಳೂರು, ಉಡುಪಿ ಕಡೆಯಿಂದ ಬಂದವರು ಬಹಳ ಜನ ಇದ್ದೀರಿ. ನಿಯಮ ಪಾಲಿಸುವ ಯಹೂದಿ ಮನೆಯಲ್ಲಿ ಕೆಲಸ ಸಿಕ್ಕಿದರೆ ಈ ಡಬ್ಬ ನಿಮ್ಮ ಕೈಗೆ ಬಂದೇ ಬರುತ್ತದೆ. ಒಳಗೆ ಇರುವುದು ಮೊದಲೇ ಕತ್ತರಿಸಿದ ಟಾಯ್ಲೆಟ್ ಪೇಪರ್, ಅಷ್ಟೇ. ಶುಕ್ರವಾರ ಸೂರ್ಯ ಮುಳುಗುವುದಕ್ಕೆ ಮುಂಚಿನಿಂದ ಶನಿವಾರ ರಾತ್ರಿ ನಕ್ಷತ್ರ ಕಾಣುವ ತನಕ ಶಬ್ಬಾತ್, ಅಂದರೆ ಯಹೂದಿಗಳ ವಾರದ ವಿಶ್ರಾಂತಿ ದಿನ. ಆಗ ಅವರು ರೋಲ್‌ನಿಂದ ಪೇಪರ್ ಹರಿಯುವ ಹಾಗಿಲ್ಲ.

ಇದೇನು ಮಡಿ-ಮೈಲಿಗೆಯಾ ಅಂತ ಊರಿನವರು ಕೇಳುತ್ತಾರೆ. ಅಲ್ಲವೇ ಅಲ್ಲ. ಆ ದಿನ ಮಾಡಬಾರದ ಕೆಲಸ 39 ಬಗೆ. ಹರಿಯುವುದು ಅದರಲ್ಲಿ ಒಂದು, ಅಳತೆಗೆ ಕತ್ತರಿಸುವುದು ಇನ್ನೊಂದು.

ನಾನು ಎರಡು ಕಂಪನಿಯದು ಬಳಸಿದ್ದೇನೆ, ಹೆಸರು ಬೇಡ. ಅಗ್ಗದ್ದು ದೊಡ್ಡ ಕಿರಿಕಿರಿ. ಮಷಿನ್‌ನ ಅಲಗು ಮೊಂಡಾಗಿತ್ತೋ ಏನೋ, ಹಾಳೆಗಳ ಅಂಚು ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ. ನಮಗಾದರೆ ಎಳೆದರೆ ಆಯ್ತು, ಅಲ್ವಾ? ನಾನು ನೋಡಿಕೊಳ್ಳುವ ಅಜ್ಜಿ ಬೆರಳಲ್ಲಿ ಅಂಚು ಸವರಿ ನೋಡುತ್ತಾರೆ, ಅಂಟಿದೆ ಅನ್ನಿಸಿದರೆ ಇಡೀ ಕಟ್ಟನ್ನೇ ವಾಪಸ್ ಡಬ್ಬದೊಳಗೆ ಇಡುತ್ತಾರೆ, 'ಬಿಡಿಸಿಕೊಡು' ಅಂತಲೂ ಹೇಳುವುದಿಲ್ಲ, ಯಾಕೆಂದರೆ ತಾವು ಮಾಡಬಾರದ ಕೆಲಸವನ್ನು ಬೇರೆ ಧರ್ಮದವರಿಗೆ ನೇರವಾಗಿ ಹೇಳಿ ಮಾಡಿಸುವುದಕ್ಕೂ ಅಡ್ಡಿ ಇದೆ. 'ಈ ಪೇಪರ್ ಯಾಕೋ ಸರಿಯಿಲ್ಲ' ಅಂತ ಗೋಡೆಗೆ ಹೇಳಿದ ಹಾಗೆ ಹೇಳುತ್ತಾರೆ. ಮಿಕ್ಕಿದ್ದು ನಾವೇ ತಿಳಿದುಕೊಳ್ಳಬೇಕು.

ದುಬಾರಿಯದರಲ್ಲಿ ಈ ರಗಳೆ ಇಲ್ಲ. ಹಾಳೆ ದಪ್ಪ, ಒದ್ದೆ ಕೈ ತಾಗಿದರೂ ತಕ್ಷಣ ಮುದ್ದೆಯಾಗುವುದಿಲ್ಲ, ಒಂದೊಂದೇ ಹೊರಗೆ ಬರುತ್ತದೆ. ಆದರೆ ಡಬ್ಬದ ಬಾಯಿ ಹರಿದು ತೆಗೆಯುವ ಕಡೆ ಅಕ್ಷರ ಅಚ್ಚು ಹಾಕಿದ್ದಾರೆ. ಹರಿದರೆ ಅಕ್ಷರ ಮುರಿಯುತ್ತದೆ, ಅಕ್ಷರ ಅಳಿಸುವುದೂ ಆ 39ರಲ್ಲಿ ಬರುತ್ತದೆ! ಶಬ್ಬಾತ್‌ಗೆ ಅಂತಲೇ ಮಾರುವವರಿಗೆ ಇಷ್ಟೂ ಹೊಳೆಯಲಿಲ್ವಾ? ಶುಕ್ರವಾರವೇ ಬಾಯಿ ಬಿಡಿಸಿ ಇಟ್ಟುಬಿಡಿ.

ಇದರ ಜೊತೆಗೆ ಲಿಕ್ವಿಡ್ ಸೋಪೂ ತನ್ನಿ. ಗಟ್ಟಿ ಸೋಪು ಉಜ್ಜಿದರೆ ಕರಗಿ ನುಣ್ಣಗಾಗುತ್ತದೆ, ಹಾಗೆ ನುಣ್ಣಗೆ ಮಾಡುವುದೂ ಆ ದಿನ ತಪ್ಪು, ಅದು ಬೇಡ. ಪೇಸ್ಟಿಗೂ ಹೆಚ್ಚಿನವರು ಒಪ್ಪುವುದಿಲ್ಲ. ವೆಟ್ ವೈಪ್ಸ್ ಮಾತ್ರ ಮನೆಯವರನ್ನು ಕೇಳಿಯೇ ತನ್ನಿ. ಹಿಂಡುವುದು ತಪ್ಪು ಅಂತ ಕೆಲವರು ಮುಟ್ಟುವುದೇ ಇಲ್ಲ, ಕೆಲವರು ಮೆಲ್ಲಗೆ ಒರೆಸಿಕೊಳ್ಳುತ್ತಾರೆ. ಕಾಯಿಲೆಯವರಿಗೆ ಸಡಿಲಿಕೆ ಇದೆ, ಜೀವಕ್ಕೆ ಅಪಾಯ ಅಂದರೆ ಶಬ್ಬಾತ್ ನಿಯಮವನ್ನೇ ಪಕ್ಕಕ್ಕಿಡಬೇಕು.

ಬಿಸಿನೀರಲ್ಲಿ ಮೈಪೂರ್ತಿ ಸ್ನಾನವೂ ಆ ದಿನ ಇಲ್ಲ. ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್‌ನಲ್ಲಿ ಇದರ ಕಥೆ ಮಜವಾಗಿದೆ. ಮೊದಲು ಶುಕ್ರವಾರ ಕಾಯಿಸಿಟ್ಟ ನೀರಲ್ಲಿ ಸ್ನಾನ ಮಾಡುತ್ತಿದ್ದರಂತೆ, ಊರಿನ ಸಾರ್ವಜನಿಕ ಸ್ನಾನದ ಮನೆ ನಡೆಸುವವರು ಶಬ್ಬಾತ್‌ನಲ್ಲೇ ನೀರು ಕಾಯಿಸಿ 'ನಿನ್ನೆಯದೇ' ಅನ್ನತೊಡಗಿದರಂತೆ, ಸರಿ, ಬಿಸಿನೀರು ಬಂದ್, ಅಲ್ಲಿನ ಬಿಸಿಯಲ್ಲಿ ಸುಮ್ನೆ ಕೂತು ಬೆವರಿ ಅಂದರೆ ಜನ ಮೆಲ್ಲಗೆ ಸ್ನಾನ ಮುಗಿಸಿ 'ನಾವು ಬೆವರುತ್ತಿದ್ದೆವು' ಅಂದರಂತೆ, ಅದೂ ಬಂದ್! ಇಲ್ಲಿನ ತಿಬೇರಿಯಾ ಊರಿನ ತಾನಾಗೇ ಬಿಸಿ ಬರುವ ನೀರಿನ ಬುಗ್ಗೆಗಳಿಗೆ ಮಾತ್ರ ಕೊನೆಗೆ ಬಿಟ್ಟರು. ಮುಂಚೆಯೇ ಕಾಯಿಸಿಟ್ಟ ನೀರಲ್ಲಿ ಮುಖ, ಕೈ, ಕಾಲು ತೊಳೆಯಬಹುದು. ಹಾಗಾಗಿ ನಮ್ಮಲ್ಲಿ ಅಜ್ಜಿಯ ಸ್ನಾನ ಶುಕ್ರವಾರ ಮಧ್ಯಾಹ್ನವೇ ಆಗುತ್ತದೆ.

ದುಬಾರಿ ಡಬ್ಬಕ್ಕೆ ನಾಲ್ಕು ಸ್ಟಾರ್, ಆ ಅಕ್ಷರಕ್ಕೋಸ್ಕರ ಒಂದು ಕಟ್. ಅಗ್ಗದ್ದಕ್ಕೆ ಎರಡು ಜಾಸ್ತಿಯೇ ಆಯ್ತು. ಶುಕ್ರವಾರ ಅಂಗಡಿಗಳು ಬೇಗ ಬಾಗಿಲು ಹಾಕುತ್ತವೆ, ಗುರುವಾರವೇ ತಂದಿಡಿ.