ಬಳಚು ಆರಿಸುವ ಪ್ರವಾಸ: ಸೀಟು ಕಾಯ್ದಿರಿಸುವ ಮುನ್ನ ತಿಥಿ ನೋಡಿ

ಕುಟುಂಬಗಳನ್ನು ಕುಮಟಾ ಕಡೆಗೆ ಕರೆದೊಯ್ದು, ಅಘನಾಶಿನಿ ಅಳಿವೆಯಲ್ಲಿ ಅಲ್ಲಿಯವರ ಜೊತೆಗೇ ನೀರಿಗಿಳಿದು ಬಳಚು (ಕೆಸರಿನಲ್ಲಿ ಹುದುಗಿರುವ, ತಿನ್ನಲು ಬರುವ ಜೋಡಿಚಿಪ್ಪಿನ ಜೀವಿ) ಆರಿಸಲು ಅವಕಾಶ ಮಾಡಿಕೊಡುವ ಪ್ರವಾಸವೊಂದನ್ನು ಕೊಪ್ಪಳದ ಒಂದು ಟ್ರಾವೆಲ್ಸ್‌ನವರು ನಡೆಸುತ್ತಿದ್ದಾರೆ. ಅವ್ವ, ಮಡದಿ, ಮಕ್ಕಳು ಎಲ್ಲರೂ ಸೇರಿ ಹೋಗಿಬಂದೆವು. ಸ್ಥಳದ ಆಯ್ಕೆ ಚೆನ್ನಾಗಿದೆ, ಕಲಿಸುವವರು ಇನ್ನೂ ಚೆನ್ನಾಗಿದ್ದಾರೆ, ಊಟಕ್ಕೆ ಹೆಸರಿಡುವಂತಿಲ್ಲ. ಆದರೆ ದಿನಾಂಕ ಗೊತ್ತುಮಾಡುವ ಕ್ರಮ ಸರಿಯಿಲ್ಲ, ಮತ್ತು ಈ ಒಂದು ಕೊರತೆ ಕೊಟ್ಟ ಹಣದ ಅರ್ಧದಷ್ಟನ್ನು ನೀರುಪಾಲು ಮಾಡುತ್ತದೆ.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಹೊರಟ ಬಸ್ಸು ಗದಗ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಟ್ಟ ಇಳಿದು ಬೆಳಗಿನ ಜಾವ ಅಂಕೋಲಾ ಮುಟ್ಟುತ್ತದೆ; ಅಲ್ಲಿಂದ ದಕ್ಷಿಣಕ್ಕೆ ತಿರುಗಿದರೆ ಅಳಿವೆ ದೂರವಿಲ್ಲ. ಚಾಲಕರು ಘಟ್ಟದಲ್ಲಿ ನಿಧಾನವಾಗಿ ಓಡಿಸಿದರು ಎಂಬುದನ್ನು ಮಾತ್ರ ಹೇಳಲೇಬೇಕು.

ಶಿರಸಿಯ ಬಳಿ ಹುಟ್ಟುವ ಅಘನಾಶಿನಿಗೆ ಸಮುದ್ರ ಸೇರುವವರೆಗೆ ಎಲ್ಲಿಯೂ ದೊಡ್ಡ ಅಣೆಕಟ್ಟಿಲ್ಲ. ಮುನಿರಾಬಾದಿನಲ್ಲಿ ತುಂಗಭದ್ರಾ ಅಣೆಕಟ್ಟಿನ ಗೇಟು ಎತ್ತಿದರೆ ಮಾತ್ರ ಹೊಳೆ ಕಾಣುವ ನಮ್ಮಂಥವರಿಗೆ ಇದು ಬೆರಗಿನ ಸಂಗತಿ. ಇಲ್ಲಿ ಸಿಹಿನೀರು ಮತ್ತು ಉಪ್ಪುನೀರು ಬೆರೆಯುವುದನ್ನು ಮಳೆಗಾಲವೂ ಉಬ್ಬರ ಇಳಿತಗಳೂ ನಿರ್ಧರಿಸುತ್ತವೆ. ಈ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ತಾಣದ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶದ, ಮನ್ನಣೆ ದೊರೆಯಿತು. ಅದೇ ಸಲ ಆ ಪಟ್ಟಿ ಸೇರಿದ ಕರ್ನಾಟಕದ ಇನ್ನೆರಡು ತಾಣಗಳು ನಮ್ಮ ನೆರೆಯ ಅಂಕಸಮುದ್ರ ಮತ್ತು ಮಾಗಡಿ ಕೆರೆಗಳು. ಬಸ್ಸಿನಲ್ಲಿದ್ದ ಮಾರ್ಗದರ್ಶಿ ಇಷ್ಟನ್ನಾದರೂ ಹೇಳಬಹುದಿತ್ತು, ಅವರು ಹಾಡು ಹಾಕುವುದರಲ್ಲೇ ಮಗ್ನರಾಗಿದ್ದರು.

ನಿಜವಾದ ಮಾರ್ಗದರ್ಶನ ಸಿಕ್ಕಿದ್ದು ಹೊಳೆದಂಡೆಯ ಮನೆಯೊಡತಿಯಿಂದ. ವಯಸ್ಸು ಅರವತ್ತರ ಮೇಲಿರಬೇಕು. ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿಕಟ್ಟಿ, ಬುಟ್ಟಿ ಹಿಡಿದು ಮುಂದೆ ನಡೆದ ಅವರು, ಮೊದಲು ಕೈಯಿಂದ ಹುಡುಕಬೇಡಿ, ಕಾಲಿನಿಂದ ಹುಡುಕಿ ಎಂದರು. ಮರಳು ಬೆರೆತ ಕೆಸರಿನಲ್ಲಿ ಪಾದವನ್ನು ಮೆಲ್ಲಗೆ ಒತ್ತಿ ತಿರುಗಿಸಿದರೆ ನುಣುಪಾದ ಗಟ್ಟಿ ಉಬ್ಬೊಂದು ಬೆರಳಿಗೆ ತಾಗುತ್ತದೆ; ಆಗ ಬಗ್ಗಿ ಕೈ ಹಾಕಿದರೆ ನಾಲ್ಕು ಬೆರಳು ಆಳದೊಳಗೆ ಬಳಚು ಸಿಗುತ್ತದೆ. ನೀರು ಪೂರ್ತಿ ಸರಿದ ಕಡೆ ಕೆಸರಿನ ಮೇಲೆ ಅಕ್ಕಪಕ್ಕ ಕಾಣುವ ಎರಡು ಸಣ್ಣ ತೂತುಗಳೇ ಗುರುತು, ಏಕೆಂದರೆ ಒಳಗಿರುವ ಜೀವಿ ನೀರನ್ನು ಒಂದರಿಂದ ಎಳೆದುಕೊಂಡು, ಸೋಸಿ, ಇನ್ನೊಂದರಿಂದ ಬಿಡುತ್ತದೆ. ತುಂಗಭದ್ರೆಯ ಮರಳಿನಲ್ಲಿ ಖಾಲಿ ಕಪ್ಪೆಚಿಪ್ಪನ್ನಷ್ಟೇ ಕಂಡಿದ್ದ ನನ್ನ ಕಿರಿಯ ಮಗಳು, ಅಂಗೈಯಲ್ಲಿದ್ದ ಬಳಚು ಚಿಪ್ಪು ಮುಚ್ಚಿಕೊಂಡಾಗ ಬೆಚ್ಚಿ ಬೀಳಿಸಿಬಿಟ್ಟಳು. ಅವಳ ಬುಟ್ಟಿಯಲ್ಲಿದ್ದ ಗುಂಡಿಯಷ್ಟು ಚಿಕ್ಕವನ್ನೆಲ್ಲ ಅಕ್ಕ ತಾವೇ ಆರಿಸಿ ಮರಳಿ ನೀರಿಗೆ ಹಾಕಿದರು. “ಇವು ಬರುವ ವರ್ಷದವು ತಂಗಿ, ಈಗಲೇ ತಿಂದರೆ ಹೇಗೆ?” ಎಂದರು.

ಇನ್ನು ದಿನಾಂಕದ ವಿಷಯ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಸೂರ್ಯ, ಚಂದ್ರರ ಸೆಳೆತ ಒಂದುಗೂಡುವುದರಿಂದ ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಆಗ ಅಳಿವೆಯ ನೆಲ ದೂರದವರೆಗೆ ಬಯಲಾಗುತ್ತದೆ. ಅಷ್ಟಮಿಯ ಹೊತ್ತಿಗೆ ನೀರು ಅಷ್ಟಾಗಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಇದರ ಜೊತೆಗೆ ಇಳಿತದ ಸಮಯ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಸಂಸ್ಥೆಯವರು ಇದಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ, ಶನಿವಾರ ಬೆಳಿಗ್ಗೆ ಎಂಟಕ್ಕೆ ನೀರಿಗಿಳಿಯುವುದು, ಹನ್ನೊಂದಕ್ಕೆ ಮೇಲೆ ಬರುವುದು ಎಂದು ವರ್ಷಪೂರ್ತಿ ಒಂದೇ ವೇಳಾಪಟ್ಟಿ ಹಾಕಿಕೊಂಡಿದ್ದಾರೆ. ನಾವು ಹೋದದ್ದು ಅಷ್ಟಮಿಯ ಮರುದಿನ. ಎಂಟಕ್ಕೆ ದೊಡ್ಡವರಿಗೆ ಸೊಂಟದ ತನಕ ನೀರು, ಮಕ್ಕಳಿಗೆ ಇಳಿಯಲು ಸಾಧ್ಯವೇ ಇಲ್ಲ. ನೀರು ಕಡಿಮೆಯಾಗುತ್ತಾ ಬಂದು ಕೈಗೆ ಬಳಚು ಸಿಗತೊಡಗಿದಾಗ ಊಟದ ಸಮಯವಾಯಿತೆಂದು ಸೀಟಿ ಊದಿದರು. ತಿಂಗಳಲ್ಲಿ ಒಂದೆರಡು ಶನಿವಾರಗಳು ಅಮಾವಾಸ್ಯೆಗೋ ಹುಣ್ಣಿಮೆಗೋ ಹತ್ತಿರ ಬಂದೇ ಬರುತ್ತವೆ. ಆ ವಾರಗಳಿಗಷ್ಟೇ ಪ್ರವಾಸ ಇಟ್ಟುಕೊಂಡು, ಊಟವನ್ನು ಇಳಿತದ ಹಿಂದೆ ಮುಂದೆ ಸರಿಸಿದರೆ ಈ ದೂರು ಉಳಿಯುವುದಿಲ್ಲ. ಮಳೆಗಾಲದಲ್ಲಿ ಪ್ರವಾಸವನ್ನು ಪೂರ್ತಿ ನಿಲ್ಲಿಸುತ್ತಾರೆಂಬುದನ್ನು ಮೆಚ್ಚಲೇಬೇಕು.

ಊಟದ ಪಾಲು ಬೇರೆಯೇ ಲೋಕ. ಆರಿಸಿದ್ದನ್ನು ಹೊಳೆಯ ನೀರಿನಲ್ಲೇ ಕೆಲವು ಗಂಟೆ ನೆನೆಸಿಟ್ಟು ಹೊಟ್ಟೆಯ ಮರಳು ಕಕ್ಕಿಸಬೇಕಾದ್ದರಿಂದ, ಮಧ್ಯಾಹ್ನ ಬಡಿಸಿದ್ದು ಹಿಂದಿನ ದಿನದ ಸಂಗ್ರಹ, ನಮ್ಮದು ರಾತ್ರಿಗೆ. ಬಾಯಿ ತೆರೆದಿದ್ದ ಒಂದೊಂದನ್ನೂ ಅಕ್ಕ ಬೆರಳಿನಿಂದ ತಟ್ಟಿ, ಮುಚ್ಚಿಕೊಳ್ಳದವನ್ನು ಸತ್ತವೆಂದು ಎಸೆದರು. ಉಳಿದವನ್ನು ಮೆಟ್ಟುಗತ್ತಿಯ ಮೇಲೆ ಬಿಡಿಸಿ, ಮಾಂಸವಿರುವ ಅರ್ಧ ಚಿಪ್ಪನ್ನು ಹಾಗೆಯೇ ಉಳಿಸಿಕೊಂಡು, ತೆಂಗಿನ ತುರಿ ಮತ್ತು ಕೆಂಪು ಮೆಣಸಿನ ಮಸಾಲೆಯಲ್ಲಿ ಸುಕ್ಕ ಮಾಡಿದರು. ಕುಚಲಕ್ಕಿ ಅನ್ನದೊಂದಿಗೆ ಅದನ್ನು ಉಂಡ ಅವ್ವ, ರೊಟ್ಟಿ ಕೇಳುವುದನ್ನೇ ಮರೆತರು.

ಹೋಗುವವರಿಗೆ ಕೆಲವು ಮಾತು. ಚಪ್ಪಲಿಯನ್ನು ಕೆಸರು ಎಳೆದುಕೊಳ್ಳುತ್ತದೆ, ಬರಿಗಾಲನ್ನು ಕಲ್ಲಿಗಂಟಿದ ಚಿಪ್ಪುಗಳು ಕೊಯ್ಯುತ್ತವೆ. ಹಳೆಯ ಕ್ಯಾನ್ವಾಸ್ ಶೂ ಉತ್ತಮ. ಚಿಪ್ಪಿನ ಜೀವಿಗಳು ಹಲವರಿಗೆ ಒಗ್ಗುವುದಿಲ್ಲ, ಕೆಲವರಿಗೆ ಅಲರ್ಜಿ ಜೀವಕ್ಕೇ ಎರವಾಗಬಹುದು. ಟಿಕೆಟ್ ಕೊಡುವಾಗ ಈ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳದಿರುವುದು ಸಂಸ್ಥೆಯ ಬೇಜವಾಬ್ದಾರಿ. ನೀರು ಸೋಸಿ ಬದುಕುವ ಈ ಜೀವಿಗಳು ನೀರಿನಲ್ಲಿರುವ ವಿಷವನ್ನೂ ಸೇರಿಸಿಕೊಳ್ಳುತ್ತವೆ, ಬೇಯಿಸಿದರೂ ಅಂಥ ವಿಷ ಹೋಗದಿರಬಹುದು. ಆದ್ದರಿಂದ ಊರವರು ಆರಿಸದ ಕಡೆ ಉತ್ಸಾಹಕ್ಕೆ ಬಿದ್ದು ಆರಿಸಕೂಡದು.

ಊರಿಗೆ ಒಯ್ಯುವ ಆಸೆಯಿದ್ದವರು ಒದ್ದೆ ಗೋಣಿಚೀಲದಲ್ಲಿ ಸಡಿಲವಾಗಿ ಕಟ್ಟಿಕೊಳ್ಳಬೇಕು. ಸಿಹಿನೀರಿನಲ್ಲಿ ಮುಳುಗಿಸಿಟ್ಟರೂ ಸಾಯುತ್ತವೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೂ ಸಾಯುತ್ತವೆ. ಬಸ್ಸಿನವರು ಚೀಲಗಳನ್ನೆಲ್ಲ ಕೆಳಗಿನ ಡಿಕ್ಕಿಗೆ ತುಂಬಿದ್ದರಿಂದ, ಕೊಪ್ಪಳದಲ್ಲಿ ಇಳಿಸಿಕೊಂಡಾಗ ಹಲವರ ಪಾಲು ನಾತ ಹೊಡೆಯುತ್ತಿತ್ತು. ಒಂದು ಐಸ್ ಪೆಟ್ಟಿಗೆ ಇಡಲು ಅವರು ಒಪ್ಪುವವರೆಗೆ, ಆರಿಸಿದ್ದನ್ನು ಅಲ್ಲಿಯೇ ಉಂಡು ಬರುವುದು ಲೇಸು.