ಸಸಿಹಿತ್ಲು ಅಲೆಯೋ, ವೆಲಿಗಮ ಅಲೆಯೋ: ಎರಡೂ ಕಡೆ ಬಿದ್ದು ಬಂದವಳ ಲೆಕ್ಕ

ಹಾಸನದಲ್ಲಿ ಕೂತು ಸರ್ಫಿಂಗ್ ಕಲಿಯುತ್ತೇನೆ ಅಂದರೆ ಜನ ನಗುತ್ತಾರೆ. ನಮಗೆ ಹತ್ತಿರದ ದೊಡ್ಡ ನೀರು ಅಂದರೆ ಗೊರೂರು ಡ್ಯಾಮ್. ಅಲ್ಲಿ ಗಾಳಿ ಬೀಸಿದಾಗ ಒಂದಿಷ್ಟು ನೀರು ಅಲ್ಲಾಡುತ್ತದೆ, ಅಷ್ಟೇ. ಆದರೆ ತಂಗಿ ಬಿಡಬೇಕಲ್ಲ. ಅವಳು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್‌ನಲ್ಲಿ ಲೆಕ್ಕ ಬರೆಯುತ್ತಾಳೆ, ನಾನು ಇಲ್ಲಿ ಸಹಕಾರ ಸಂಘದಲ್ಲಿ. ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದು ಎರಡನೇ ಶನಿವಾರ, ಅದಕ್ಕಂಟಿದ ಭಾನುವಾರ. "ಅಕ್ಕ, ಯಾವುದಾದ್ರೂ ದ್ವೀಪಕ್ಕೆ ಹೋಗಿ ಅಲೆ ಮೇಲೆ ನಿಂತು ಬರೋಣ, ಕಡಿಮೆ ಖರ್ಚಲ್ಲಿ" ಅಂದಳು.

ದ್ವೀಪ, ಅಲೆ, ಕಡಿಮೆ ಖರ್ಚು, ಎರಡು ದಿನ. ನಾಲ್ಕೂ ಒಂದೇ ಕಡೆ ಸಿಗುವ ಜಾಗ ನಮ್ಮ ಕಡೆಯವರಿಗೆ ಇಲ್ಲ. ಲಿಟಲ್ ಅಂಡಮಾನಿನಲ್ಲಿ ಒಳ್ಳೆಯ ಅಲೆ ಇದೆ, ಆದರೆ ವಿಮಾನ ಇಳಿದ ಮೇಲೂ ಗಂಟೆಗಟ್ಟಲೆ ಹಡಗಿನಲ್ಲಿ ಹೋಗಬೇಕು. ಲಕ್ಷದ್ವೀಪಕ್ಕೆ ಪರ್ಮಿಟ್ ಬೇಕು. ಹಾಗಾಗಿ ನವೆಂಬರ್‌ನಲ್ಲಿ ದ್ವೀಪದ ಆಸೆ ಬಿಟ್ಟು ಮೂಲ್ಕಿ ಪಕ್ಕದ ಸಸಿಹಿತ್ಲುವಿಗೆ ಹೋದೆವು. ಫೆಬ್ರವರಿಯಲ್ಲಿ ಎರಡು ದಿನದ ಹಟ ಬಿಟ್ಟು ಶ್ರೀಲಂಕಾದ ವೆಲಿಗಮಕ್ಕೆ ಹೋದೆವು.

ಮೊದಲು ಸಸಿಹಿತ್ಲು. ಶುಕ್ರವಾರ ಕೆಲಸ ಮುಗಿಸಿ ನಾನು ಸಕಲೇಶಪುರ, ಶಿರಾಡಿ ಘಾಟಿ ಮೇಲೆ ಬಸ್ಸಿನಲ್ಲಿ ಹೋದೆ. ತಂಗಿ ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿದಳು. ಆ ದೋಸೆ ಹೊಟ್ಟೆಯಲ್ಲಿ ಉಜಿರೆ ತನಕವೂ ನಿಲ್ಲಲಿಲ್ಲ ಅನ್ನುವುದು ಬೇರೆ ಮಾತು. ಮಂಗಳೂರಿನಿಂದ ಉಡುಪಿ ಕಡೆಗೆ ಹೋಗುವ ಎಕ್ಸ್‌ಪ್ರೆಸ್ ಬಸ್ ಹತ್ತಿ ಹಳೆಯಂಗಡಿಯಲ್ಲಿ ಇಳಿದರೆ ಅಲ್ಲಿಂದ ಆಟೋ. ಮನೆಯಿಂದ ಕಡಲಿಗೆ ಒಟ್ಟು ಆರು ಗಂಟೆ.

ಕರ್ನಾಟಕದ ಸರ್ಫಿಂಗಿಗೆ ಈ ಸೀಮೆಯೇ ತವರು. ಮೂಲ್ಕಿಯಲ್ಲಿ ಸರ್ಫ್ ಆಶ್ರಮ ಶುರುವಾಗಿ ಇಪ್ಪತ್ತು ವರ್ಷ ದಾಟಿದೆ. 2016ರಲ್ಲಿ ಇದೇ ಸಸಿಹಿತ್ಲು ತೀರದಲ್ಲಿ ಇಂಡಿಯನ್ ಓಪನ್ ಆಫ್ ಸರ್ಫಿಂಗ್ ಸ್ಪರ್ಧೆ ನಡೆಯಿತು. ಅದು ಮೇ ಕೊನೆಯಲ್ಲಿ, ಮಳೆಗಾಲಕ್ಕೆ ಮುಂಚೆ ಅಲೆ ದಪ್ಪವಾಗುವ ಹೊತ್ತು. ನಾವು ಹೋದ ನವೆಂಬರ್‌ನಲ್ಲಿ ಅಲೆ ಸೊಂಟದ ಮಟ್ಟ. ಕಲಿಯುವವರಿಗೆ ಅಷ್ಟು ಸಾಕು, ಹೆದರಿಕೆಯೂ ಆಗುವುದಿಲ್ಲ.

ಆದರೆ ಆ ಅಲೆ ಬಲು ಅವಸರದ್ದು. ಎದ್ದಿತು ಅನ್ನುವಷ್ಟರಲ್ಲಿ ಮುರಿದು ದಡಕ್ಕೆ ಬಂದುಬಿಡುತ್ತದೆ. ಒಂಬತ್ತು ಅಡಿಯ ಫೋಮ್ ಬೋರ್ಡಿನ ಮೇಲೆ ಹೊಟ್ಟೆ ಅಡಿಯಾಗಿ ಮಲಗಿ, ಎರಡು ಕೈ ಎದೆಯ ಪಕ್ಕ ಊರಿ, ಒಂದೇ ಏಟಿಗೆ ನೆಗೆದು ನಿಲ್ಲಬೇಕು. ನಾನು ಮೊದಲು ಮಂಡಿ ಊರುತ್ತಿದ್ದೆ. ಮಂಡಿ ಊರಿ, ಆಮೇಲೆ ಒಂದು ಕಾಲು, ಆಮೇಲೆ ಇನ್ನೊಂದು. ಅಷ್ಟು ಹೊತ್ತಿಗೆ ಅಲೆ ಮುಗಿದು ಬೋರ್ಡು ಮರಳಿಗೆ ಕುಕ್ಕುತ್ತಿತ್ತು. ಕಲಿಸುತ್ತಿದ್ದ ಹುಡುಗ ಸೊಂಟದ ತನಕ ನೀರಿನಲ್ಲಿ ನಿಂತು, "ಏಳಿ ಮಾರ್ರೆ, ಏಳಿ! ದೇವರಿಗೆ ಅಡ್ಡ ಬೀಳ್ಳಿಕ್ಕೆ ಬಂದದ್ದಾ?" ಅಂತ ಕೂಗುತ್ತಿದ್ದ.

ಬೈಗುಳ ಅರ್ಥವಾಗುತ್ತದಲ್ಲ, ಅದೇ ಸಸಿಹಿತ್ಲುವಿನ ದೊಡ್ಡ ಲಾಭ ಅಂತ ನನಗೆ ಅನ್ನಿಸಿದ್ದು. "ನೋಟ ಕೆಳಗೆ ಬೇಡ, ದಡದ ತೆಂಗಿನಮರ ನೋಡಿ. ನೀವು ನೋಡಿದ ಕಡೆಗೇ ಬೀಳುವುದು." ಇದನ್ನು ನಮ್ಮ ಭಾಷೆಯಲ್ಲಿ ಕೇಳಿದಾಗ ಮೈಗೆ ನೇರ ಇಳಿಯಿತು. ಅವನೇ ಹೇಳಿದ ಇನ್ನೊಂದು ಮಾತು ಪ್ರಾಣಕ್ಕೆ ಸಂಬಂಧಿಸಿದ್ದು. ಅಲ್ಲಿ ಶಾಂಭವಿ ಮತ್ತು ನಂದಿನಿ ಹೊಳೆಗಳು ಸೇರಿ ಕಡಲಿಗೆ ಬೀಳುತ್ತವೆ. ಆ ಅಳಿವೆ ಬಾಗಿಲಿನ ಹತ್ತಿರ ಇಳಿತದ ಹೊತ್ತಿಗೆ ನೀರು ಹೊರಗೆ ಎಳೆಯುತ್ತದೆ. ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮವಾಗಿ ಅಡ್ಡಕ್ಕೆ ಈಜಿ ತಪ್ಪಿಸಿಕೊಳ್ಳಬೇಕು. ಬೋರ್ಡನ್ನಂತೂ ಬಿಡಲೇಬಾರದು.

ಒಂದು ದೂರು ಇದೆ. ಮೊದಲ ದಿನ ನಾವು ದುಡ್ಡು ಕಟ್ಟಿದ ಕಡೆ, ಹೆಸರು ಬೇಡ, ಎಂಟು ಜನಕ್ಕೆ ಒಬ್ಬನೇ ಕಲಿಸುವವನು. ಒಂದೂವರೆ ಗಂಟೆಯಲ್ಲಿ ನನ್ನ ಸರದಿ ಬಂದದ್ದು ಏಳು ಸಲ. ಬಟ್ಟೆ ಬದಲಿಸಲು ಕೊಟ್ಟ ಕೋಣೆಗೆ ಚಿಲಕ ಇರಲಿಲ್ಲ, ತಂಗಿ ಹೊರಗೆ ಟವೆಲ್ ಹಿಡಿದು ಕಾವಲು ನಿಂತಳು. ಮರುದಿನ ಬೇರೆ ಕಡೆ ಹೋದೆವು, ಅಲ್ಲಿ ಇಬ್ಬರಿಗೆ ಒಬ್ಬ. ಮೇಲೆ ಹೇಳಿದ ಹುಡುಗ ಸಿಕ್ಕಿದ್ದು ಅಲ್ಲೇ. ಫೋನ್ ಮಾಡುವಾಗಲೇ ಕೇಳಿಬಿಡಿ: ಒಬ್ಬರಿಗೆ ಎಷ್ಟು ಜನ, ಕೋಣೆಗೆ ಚಿಲಕ ಉಂಟಾ.

ದ್ವೀಪದ ಹುಚ್ಚು ಮಾತ್ರ ತಂಗಿಗೆ ಹೋಗಿರಲಿಲ್ಲ. ಭಾನುವಾರ ಮಧ್ಯಾಹ್ನ ಮಲ್ಪೆಗೆ ಎಳೆದುಕೊಂಡು ಹೋಗಿ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಹತ್ತಿಸಿದಳು. ಲಾವಾ ತಣ್ಣಗಾಗಿ ನಿಂತ ಕಲ್ಲಿನ ಕಂಬಗಳು, ನೋಡಲು ಚೆನ್ನ. ಸರ್ಫಿಂಗಿಗೆ ಲೆಕ್ಕಕ್ಕಿಲ್ಲ, ರಾತ್ರಿ ಉಳಿಯುವ ಹಾಗೂ ಇಲ್ಲ.

ಮನೆಗೆ ಬಂದ ಮೇಲೆ ಮೂಡಿಗೆರೆ ಹತ್ತಿರದ ಚಿಕ್ಕಪ್ಪನ ತೋಟದಲ್ಲಿ, ಕಾಫಿ ಒಣಗಿಸುವ ಕಣದ ಮೂಲೆಯಲ್ಲಿ, ಚಾಪೆ ಹಾಕಿಕೊಂಡು ನೆಗೆದು ನಿಲ್ಲುವ ಅಭ್ಯಾಸ ಮಾಡಿದೆವು. "ಕಾಫಿ ಹರವೋ ಕಡೆ ಇದೆಂಥ ಈಜು?" ಅಂತ ಚಿಕ್ಕಪ್ಪ. ಈ ಕಣವನ್ನು ಯಾಕೆ ಹೇಳಿದೆ ಅಂದರೆ, ವೆಲಿಗಮದಲ್ಲಿ ನಾನು ನಿಂತೆ. ಅದರ ಪೂರ್ತಿ ಶ್ರೇಯ ಆ ಅಲೆಗೇ ಕೊಟ್ಟರೆ ಲೆಕ್ಕ ತಪ್ಪುತ್ತದೆ.

ವೆಲಿಗಮಕ್ಕೆ ಶುಕ್ರವಾರ, ಸೋಮವಾರ ಎರಡೂ ರಜೆ ಹಾಕಬೇಕಾಯಿತು. ಗುರುವಾರ ರಾತ್ರಿ ಹಾಸನದಿಂದ ಬಸ್ಸು, ಮೆಜೆಸ್ಟಿಕ್‌ನಿಂದ ವಾಯುವಜ್ರ, ಬೆಳಗಿನ ವಿಮಾನ. ಹಾರುವುದು ಒಂದೂವರೆ ಗಂಟೆಯಷ್ಟೇ, ಉಳಿದದ್ದೆಲ್ಲ ಕೂರುವುದು. ಕೊಲಂಬೊ ಫೋರ್ಟ್ ನಿಲ್ದಾಣದಿಂದ ಮಾತರ ಕಡೆಯ ರೈಲು ಹಿಡಿದೆವು. ಹಳಿ ಕಡಲಿಗೆ ಅಂಟಿಕೊಂಡೇ ಹೋಗುತ್ತದೆ, ಕಿಟಕಿಗೆ ಉಪ್ಪುಗಾಳಿ. ಹಿಕ್ಕಡುವ ಹತ್ತಿರ ಪೆರಲಿಯ ಅನ್ನುವ ಊರು ಬರುತ್ತದೆ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ಅಲ್ಲೇ ಒಂದು ರೈಲು ಕೊಚ್ಚಿಹೋಗಿ ಸಾವಿರಕ್ಕೂ ಹೆಚ್ಚು ಜನ ಸತ್ತರು. ಅಲೆ ಆಡಲು ಹೊರಟ ನಾವಿಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಮನೆ ಬಿಟ್ಟು ಕಡಲು ಮುಟ್ಟುವಷ್ಟರಲ್ಲಿ ಹದಿನಾಲ್ಕು ಗಂಟೆ ಬರೀ ದಾರಿಗೇ ಹೋಗಿತ್ತು.

ಇಷ್ಟು ಕೂತು ಹೋದದ್ದಕ್ಕೆ ಅಲೆ ಹೇಗಿತ್ತು? ಬೇರೆಯೇ ಜಾತಿ. ಲಂಕೆಯ ದಕ್ಷಿಣ ತುದಿಯ ಎದುರಿಗೆ ಅಂಟಾರ್ಕ್ಟಿಕಾ ತನಕ ನೆಲವೇ ಇಲ್ಲ. ಅಷ್ಟು ದೂರದ ಬಿರುಗಾಳಿಗೆ ಹುಟ್ಟಿದ ಅಲೆ ಸಾವಿರಾರು ಕಿಲೋಮೀಟರ್ ಬರುವಷ್ಟರಲ್ಲಿ ಸಾಲುಸಾಲಾಗಿ ಓರಣವಾಗುತ್ತದೆ. ಒಂದು ಅಲೆಗೂ ಇನ್ನೊಂದಕ್ಕೂ ನಡುವೆ ಉಸಿರು ತೆಗೆದುಕೊಳ್ಳಲು ಪುರುಸೊತ್ತು. ವೆಲಿಗಮದ ಕೊಲ್ಲಿ ಲಾಳದ ಆಕಾರದ್ದು, ಅಲೆ ಒಳಗೆ ಬಂದು ಸುಸ್ತಾಗಿ ನಿಧಾನ ಮುರಿಯುತ್ತದೆ. ವೆಲಿ ಅಂದರೆ ಮರಳು, ಗಮ ಅಂದರೆ ಊರು. ಕಾಲಡಿ ಬರೀ ಮರಳು, ಬಿದ್ದರೆ ಮೈ ತರಚುವುದಿಲ್ಲ. ಸ್ವಲ್ಪ ದೂರದ ಮಿಡಿಗಮದಲ್ಲಿ ಹವಳದ ಬಂಡೆ, ಕಲಿಯುವವರು ಆ ಕಡೆ ತಲೆ ಹಾಕಬೇಡಿ.

ಕಲಿಸಿದ ಹುಡುಗ ಸಿಂಹಳದವನು, ಇಂಗ್ಲಿಷಿನಲ್ಲಿ ನಾಲ್ಕೇ ಪದ. ನಾವು ಬಿದ್ದಾಗಲೆಲ್ಲ "ಹರಿ ಹರಿ" ಅನ್ನುತ್ತಿದ್ದ. ನಮ್ಮ ಅವಸ್ಥೆ ನೋಡಿ ದೇವರನ್ನು ಕರೆಯುತ್ತಿದ್ದಾನೆ ಅಂದುಕೊಂಡಳು ತಂಗಿ. ಸಿಂಹಳದಲ್ಲಿ ಹರಿ ಅಂದರೆ ಸರಿ ಅಂತ ಆಮೇಲೆ ಗೊತ್ತಾಯಿತು. ಶನಿವಾರ ಎರಡನೇ ಪಾಳಿಯಲ್ಲಿ ಅವನು ಬೋರ್ಡು ತಳ್ಳಿದ. ನಾನು ನೆಗೆದೆ. ಮಂಡಿ ಊರಲಿಲ್ಲ. ಎದುರಿಗೆ ಹಳದಿ ಬಣ್ಣದ ಒಂದು ಟೀ ಅಂಗಡಿ ಇತ್ತು, ಅದನ್ನೇ ನೋಡುತ್ತಾ ನಿಂತೆ. ನೊರೆಯ ಸದ್ದು ಬಿಟ್ಟರೆ ಏನೂ ಕೇಳುತ್ತಿಲ್ಲ. ಅಂಗಡಿ ದೊಡ್ಡದಾಗುತ್ತಾ ಆಗುತ್ತಾ ಬಂತು, ಬೆಂಚಿನ ಮೇಲೆ ಕೂತವನ ಕೈಯ ಲೋಟ ಕಂಡಿತು, ಆಮೇಲೆ ಬಿದ್ದೆ. ಸಸಿಹಿತ್ಲುವಿನಲ್ಲಿ ಎರಡು ದಿನದಲ್ಲಿ ನಿಂತದ್ದನ್ನೆಲ್ಲ ಕೂಡಿಸಿದರೂ ಇಷ್ಟು ಹೊತ್ತು ಆಗುವುದಿಲ್ಲ.

ಗುಂಪು ಮಾತ್ರ ಜಾಸ್ತಿ, ತುಂಬಾ ಜಾಸ್ತಿ. ಫೆಬ್ರವರಿ ಅಂದರೆ ಅಲ್ಲಿ ಸೀಸನ್. ಬೆಳಿಗ್ಗೆ ಒಂಬತ್ತರ ಮೇಲೆ ಸಂತೆಪೇಟೆಯಲ್ಲಿ ಬೋರ್ಡು ಹೊತ್ತುಕೊಂಡು ಓಡಾಡಿದ ಹಾಗೆ. ಯಾರದೋ ಬೋರ್ಡು ತಂಗಿಯ ಭುಜಕ್ಕೆ ತಾಗಿ ನೀಲಿಗಟ್ಟಿತು. ಆರೂವರೆಗೇ ನೀರಿಗೆ ಇಳಿದರೆ ಬದುಕಿದಿರಿ.

ಊಟದಲ್ಲಿ ನಾನು ತೀರ್ಪು ಕೊಡುವುದಿಲ್ಲ. ಹಳೆಯಂಗಡಿಯ ಬಂಗುಡೆ ಊಟ ಒಂದು ಕಡೆ. ಇನ್ನೊಂದು ಕಡೆ, ಪರದೇಶದಲ್ಲಿ ಬೆಳಿಗ್ಗೆ ತಟ್ಟೆ ಮುಂದಿಟ್ಟಾಗ ಅದರಲ್ಲಿದ್ದದ್ದು ನಮ್ಮ ಒತ್ತುಶ್ಯಾವಿಗೆ! ಕಾಯಿಹಾಲಿನ ಬದಲು ಖಾರದ ಕಾಯಿ ಚಟ್ನಿ, ಅದಕ್ಕೆ ಪೊಲ್ ಸಂಬೋಲ ಅನ್ನುತ್ತಾರೆ. ಎರಡು ಸಲ ಹಾಕಿಸಿಕೊಂಡೆ.

ಈಗ ದುಡ್ಡು. ತಲೆಗೆ ಬಿದ್ದ ಲೆಕ್ಕ ಇದು. ಸಸಿಹಿತ್ಲುವಿಗೆ ಬಸ್ಸು, ಆಟೋ, ಎರಡು ರಾತ್ರಿಯ ಅರ್ಧ ರೂಮು, ಮೂರು ಪಾಳಿ ಕಲಿಕೆ, ಊಟ ಎಲ್ಲ ಸೇರಿ 8,200 ರೂಪಾಯಿ. ವೆಲಿಗಮಕ್ಕೆ 30,600. ಅದರಲ್ಲಿ ವಿಮಾನವೇ 16,400. ಅಲ್ಲಿ ಇಳಿದ ಮೇಲೆ ಎಲ್ಲ ಅಗ್ಗವೇ, ನಮ್ಮ ಒಂದು ರೂಪಾಯಿಗೆ ಅವರ ಮೂರಕ್ಕಿಂತ ಜಾಸ್ತಿ ಬರುತ್ತದೆ. ಹೊರಡುವ ಮುಂಚೆ ಆ ದೇಶಕ್ಕೆ ಹೋಗಲು ಬೇಕಾದ ಇಟಿಎ ಅನ್ನುವ ಅನುಮತಿಯನ್ನು ಆನ್‌ಲೈನಿನಲ್ಲಿ ಮಾಡಿಸಬೇಕು. ಅದರ ನಿಯಮ, ಶುಲ್ಕ ಆಗಾಗ ಬದಲಾಗುತ್ತವೆ, ಹಾಗಾಗಿ ಅವರ ಸರ್ಕಾರಿ ತಾಣದಲ್ಲೇ ನೋಡಿ.

ಲೆಕ್ಕ ಬರೆಯುವವಳು ಜೊತೆಗಿದ್ದರೆ ಅಷ್ಟಕ್ಕೇ ಬಿಡುತ್ತಾಳಾ? ನೀರಿನಲ್ಲಿದ್ದದ್ದು ಸಸಿಹಿತ್ಲುವಿನಲ್ಲಿ ನಾಲ್ಕು ಗಂಟೆ, ವೆಲಿಗಮದಲ್ಲಿ ಏಳು. ಅಂದರೆ ನೀರಿನ ಒಂದು ಗಂಟೆಗೆ ಇಲ್ಲಿ 2,050 ರೂಪಾಯಿ, ಅಲ್ಲಿ 4,370ರ ಹತ್ತಿರ. ದಾರಿಯಲ್ಲಿ ಕೂತದ್ದು ಇಲ್ಲಿ ಹೋಗಿ ಬಂದು ಹನ್ನೆರಡು ಗಂಟೆ, ಅಲ್ಲಿ ಇಪ್ಪತ್ತೆಂಟು. ನೀರಿನ ಒಂದು ಗಂಟೆಗೆ ಮೂರು ಗಂಟೆ ಕೂತದ್ದಕ್ಕೂ ನಾಲ್ಕು ಗಂಟೆ ಕೂತದ್ದಕ್ಕೂ ಅಂಥ ವ್ಯತ್ಯಾಸವೇನಿಲ್ಲ. ನಾನು ಇನ್ನೂ ಜಾಸ್ತಿ ಅಂದುಕೊಂಡಿದ್ದೆ.

ಆದರೂ ಬರೀ ಶನಿವಾರ-ಭಾನುವಾರ ಕೈಯಲ್ಲಿದ್ದರೆ ಲಂಕೆಯ ಯೋಚನೆ ಬೇಡ, ವಿಮಾನ ನಿಲ್ದಾಣ ನೋಡಿ ವಾಪಸ್ ಬಂದಂತಾಗುತ್ತದೆ. ಮೊದಲು ಸಸಿಹಿತ್ಲುವಿನಲ್ಲಿ ಎರಡು ಸಲ ಕನ್ನಡದಲ್ಲಿ ಬೈಸಿಕೊಳ್ಳಿ. ನೆಗೆಯುವುದು ಬಂದ ಮೇಲೆ ನಾಲ್ಕು ದಿನ ಒಟ್ಟು ಮಾಡಿ ವೆಲಿಗಮಕ್ಕೆ ಹೋಗಿ. ಏನೂ ಬಾರದೆ ಅಲ್ಲಿಗೆ ಹೋದರೆ 30,000 ರೂಪಾಯಿಯಲ್ಲಿ ಅರ್ಧ ಮಂಡಿ ಊರುವುದರಲ್ಲೇ ಹೋಗುತ್ತದೆ. ಮಳೆಗಾಲದಲ್ಲಿ ಎರಡೂ ಬೇಡ. ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಕಡಲು ಹುಚ್ಚೆದ್ದಿರುತ್ತದೆ, ಶಿರಾಡಿಯಲ್ಲಿ ಗುಡ್ಡ ಯಾವಾಗ ಕುಸಿಯುತ್ತದೋ ಹೇಳಲಾಗದು. ವೆಲಿಗಮಕ್ಕೆ ಒಳ್ಳೆಯ ಕಾಲ ನವೆಂಬರ್‌ನಿಂದ ಏಪ್ರಿಲ್. ಮಳೆಗಾಲದಲ್ಲಿ ಲಂಕೆಯ ಪೂರ್ವ ಕರಾವಳಿಯ ಅರುಗಂ ಬೇ ಚೆನ್ನಾಗಿರುತ್ತದೆ, ಆದರೆ ಕೊಲಂಬೊದಿಂದ ಅದು ಇನ್ನೂ ದೂರ.

ಅಕ್ಟೋಬರ್‌ನ ಎರಡನೇ ಶನಿವಾರಕ್ಕೆ ಸಸಿಹಿತ್ಲುವಿನ ಆ ಹುಡುಗನಿಗೆ ಈಗಲೇ ಹೇಳಿಟ್ಟಿದ್ದೇವೆ. ತಂಗಿ ಈ ಸಲ ಚಾರ್ಮಾಡಿ ಬಿಟ್ಟು ಹಾಸನಕ್ಕೇ ಬಂದು ನನ್ನ ಜೊತೆ ಶಿರಾಡಿ ಇಳಿಯುತ್ತಾಳಂತೆ. ನೀರುದೋಸೆಯನ್ನು ಬರುವಾಗ ನೋಡಿಕೊಳ್ಳುತ್ತಾಳಂತೆ.