ಹಳೆಯ ಕಾರಿನ ಸ್ಟೀರಿಂಗ್ ಆಯಿಲ್ ಸೋರಿಕೆಗೆ ಬಾಟಲಿಯ ಮದ್ದೋ, ಸೀಲ್ ಕಿಟ್ಟೋ?

ಹೈಡ್ರಾಲಿಕ್ ಪವರ್ ಸ್ಟೀರಿಂಗ್ ಇರುವ ಹಳೆಯ ಕಾರಿನಲ್ಲಿ ಆಯಿಲ್ ಜಿನುಗತೊಡಗಿದಾಗ ಮಾಲೀಕನ ಮುಂದೆ ಸಾಮಾನ್ಯವಾಗಿ ಎರಡು ಸರಕುಗಳು ಬರುತ್ತವೆ. ಒಂದು, ಸ್ಟೀರಿಂಗ್ ಆಯಿಲ್ ಡಬ್ಬಿಗೆ ಸುರಿದರೆ ಸಾಕು, ಸೋರಿಕೆ ತಾನಾಗಿ ನಿಲ್ಲುತ್ತದೆ ಎಂದು ಹೇಳಿಕೊಳ್ಳುವ ‘ಸ್ಟಾಪ್ ಲೀಕ್’ ಬಾಟಲಿ. ಇನ್ನೊಂದು, ಪಂಪನ್ನು ಬಿಚ್ಚಿ ಒಳಗಿನ ರಬ್ಬರ್ ಭಾಗಗಳನ್ನು ಬದಲಿಸಲು ಬೇಕಾದ ಸೀಲ್ ಕಿಟ್. ಒಂದೇ ಕಾರಿನಲ್ಲಿ ಮೊದಲು ಬಾಟಲಿಯನ್ನೂ ಅನಂತರ ಕಿಟ್ಟನ್ನೂ ಬಳಸಿದ್ದರಿಂದ ಎರಡನ್ನೂ ಒಟ್ಟಿಗೆ ಇಟ್ಟು ತೂಗುವುದು ಸಾಧ್ಯವಾಗಿದೆ. ಕಂಪನಿಗಳ ಹೆಸರನ್ನು ಇಲ್ಲಿ ಹೇಳುತ್ತಿಲ್ಲ. ಈ ಎರಡು ಬಗೆಯ ಸರಕುಗಳು ಕೆಲಸ ಮಾಡುತ್ತವೆಯೇ ಇಲ್ಲವೇ ಎಂಬುದನ್ನು ತಯಾರಕರ ಹೆಸರಿಗಿಂತ ಹೆಚ್ಚಾಗಿ ಆಯಿಲ್ ಎಲ್ಲಿಂದ ಸೋರುತ್ತಿದೆ ಎಂಬುದೇ ನಿರ್ಧರಿಸುತ್ತದೆ ಎನ್ನುವುದು ನನ್ನ ಅಭಿಪ್ರಾಯ.

ಆದ್ದರಿಂದ ಸೋರುವ ಜಾಗದ ಮಾತನ್ನೇ ಮೊದಲು ಆಡಬೇಕು. ಎಂಜಿನ್ನಿನ ಬೆಲ್ಟ್ ತಿರುಗಿಸುವ ಪಂಪು ಆಯಿಲನ್ನು ಒತ್ತಡದ ಹೋಸಿನ ಮೂಲಕ, ಚಕ್ರಗಳನ್ನು ಎಡಬಲಕ್ಕೆ ಸರಿಸುವ ಹಲ್ಲಿನ ರಾಡಿರುವ ಸ್ಟೀರಿಂಗ್ ರ್ಯಾಕ್‌ಗೆ ತಳ್ಳುತ್ತದೆ. ಅಲ್ಲಿ ಕೆಲಸ ಮುಗಿಸಿದ ಆಯಿಲ್ ಕಡಿಮೆ ಒತ್ತಡದ ಇನ್ನೊಂದು ಹೋಸಿನಲ್ಲಿ ಡಬ್ಬಿಗೆ ಹಿಂದಿರುಗುತ್ತದೆ. ಕಾರು ನೇರವಾಗಿ ಓಡುತ್ತಿರುವಾಗ ಒತ್ತಡ ಹೆಚ್ಚೇನೂ ಇರುವುದಿಲ್ಲ. ನಿಂತಲ್ಲೇ ಸ್ಟೀರಿಂಗನ್ನು ಕೊನೆಯವರೆಗೆ ತಿರುಗಿಸಿ ಹಿಡಿದರೆ ಮಾತ್ರ ಸಾಮಾನ್ಯ ಕಾರುಗಳಲ್ಲಿ ಅದು 70ರಿಂದ 100 ಬಾರ್‌ವರೆಗೆ ಏರುತ್ತದೆ. ಸೋರಿಕೆಯ ಜಾಗಗಳು ಹಲವು: ಡಬ್ಬಿಯಿಂದ ಪಂಪಿಗೆ ಹೋಗುವ ಹೋಸಿನ ಕ್ಲಿಪ್ಪು, ಪಂಪಿನ ಪುಲ್ಲಿಯ ಹಿಂದಿರುವ ಶಾಫ್ಟ್ ಸೀಲು, ಒತ್ತಡದ ಹೋಸಿನ ರಬ್ಬರ್ ಮತ್ತು ಲೋಹದ ಕೊಳವೆಯನ್ನು ಒತ್ತಿ ಕೂಡಿಸಿರುವ ಕ್ರಿಂಪು, ಹೋಸನ್ನು ಜೋಡಿಸುವ ಟೊಳ್ಳು ಬೋಲ್ಟಿನ (ಬಾಂಜೋ ಬೋಲ್ಟ್) ಎರಡು ಬದಿಯ ವಾಷರ್‌ಗಳು, ರ್ಯಾಕ್‌ನ ಎರಡು ತುದಿಯ ಸೀಲುಗಳು, ಸ್ಟೀರಿಂಗ್ ಕಾಲಮ್ ಬಂದು ಸೇರುವ ಚಿಕ್ಕ ಹಲ್ಲುಗಾಲಿಯ, ಅಂದರೆ ಪಿನಿಯನ್ನಿನ, ಸೀಲು. ಇವುಗಳಲ್ಲಿ ಯಾವುದು ಎಂದು ಕಣ್ಣಂದಾಜಿನಲ್ಲಿ ಹೇಳುವುದು ಕಷ್ಟ, ಏಕೆಂದರೆ ಗಾಳಿಯ ಹೊಡೆತಕ್ಕೆ ಆಯಿಲ್ ಹಿಂದಕ್ಕೂ ಕೆಳಕ್ಕೂ ಹರಡಿ, ಕೊನೆಗೆ ತೊಟ್ಟಿಕ್ಕುವ ಜಾಗ ಹುಟ್ಟಿದ ಜಾಗದಿಂದ ಬಹಳ ದೂರವಿರುತ್ತದೆ.

ಗ್ರೀಸ್ ತೆಗೆಯುವ ದ್ರವದಿಂದ ಎಲ್ಲವನ್ನೂ ತೊಳೆದು, ಒಣಗಿಸಿ, ಎಂಜಿನ್ ಓಡಿಸಿ ಸ್ಟೀರಿಂಗನ್ನು ಆ ಕಡೆಗೂ ಈ ಕಡೆಗೂ ತಿರುಗಿಸುತ್ತಾ ಇನ್ನೊಬ್ಬರು ಟಾರ್ಚ್ ಹಿಡಿದು ನೋಡುವುದು ಹಳೆಯ ಕ್ರಮ. ಅನೇಕ ಸಲ ಅಷ್ಟೇ ಸಾಕಾಗುತ್ತದೆ. ಅದರಿಂದ ತಿಳಿಯದಿದ್ದರೆ ಆಯಿಲ್‌ಗೆ ಹೊಳೆಯುವ ಬಣ್ಣವನ್ನು ಬೆರೆಸಿ ನೇರಳಾತೀತ ದೀಪದಲ್ಲಿ ನೋಡಬಹುದು. ರ್ಯಾಕ್ ಸೀಲಿನ ಬಗ್ಗೆ ಅನುಮಾನವಿದ್ದರೆ ರ್ಯಾಕ್‌ನ ತುದಿಯನ್ನು ಮುಚ್ಚಿರುವ ರಬ್ಬರ್ ಬೂಟಿನ ಕ್ಲಿಪ್ಪನ್ನು ಸಡಿಲಿಸಿ ಹಿಂದಕ್ಕೆ ಎಳೆದು ನೋಡಬೇಕು. ಒಳಗೆ ಗ್ರೀಸ್ ಲೇಪ ಮಾತ್ರ ಇರಬೇಕೇ ಹೊರತು ಆಯಿಲ್ ಇರಬಾರದು. ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಎಂಜಿನ್ ಓಡುತ್ತಿರುವಾಗ ಒತ್ತಡದ ಹೋಸಿನ ಮೇಲೆ ಬೆರಳಾಡಿಸಿ ಸೋರಿಕೆ ಹುಡುಕಬಾರದು. ಸೂಜಿಮೊನೆಯಷ್ಟು ರಂಧ್ರದಿಂದ ಚಿಮ್ಮುವ ಆಯಿಲ್ ಚರ್ಮವನ್ನು ಸೀಳಿ ಒಳಹೋಗಬಲ್ಲದು, ಹಾಗೆ ಹೋದರೆ ಗಾಯ ಹೊರಗೆ ಚಿಕ್ಕದಾಗಿ ಕಂಡರೂ ಅದಕ್ಕೆ ತುರ್ತು ಚಿಕಿತ್ಸೆಯೇ ಬೇಕು. ರಟ್ಟಿನ ತುಂಡೊಂದನ್ನು ಅಡ್ಡ ಹಿಡಿದರೆ ಅದೇ ಕೆಲಸ ಸುರಕ್ಷಿತವಾಗಿ ಆಗುತ್ತದೆ.

ನನ್ನ ಕಾರಿನಲ್ಲಿ ಪುಲ್ಲಿಯ ಹಿಂದಿನ ಶಾಫ್ಟ್ ಸೀಲಿನಿಂದ ಜಿನುಗು ಇತ್ತು. ಪಂಪಿನ ಮೈಯ ಕೆಳಭಾಗ ಸದಾ ಒದ್ದೆಯಾಗಿರುತ್ತಿತ್ತು, ಡಬ್ಬಿಯ ಮಟ್ಟ ನಿಧಾನವಾಗಿ ಇಳಿಯುತ್ತಿತ್ತು, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಜಿನುಗು ಹೆಚ್ಚಾಗಿ ಕಾಣುತ್ತಿತ್ತು. ಸ್ಟಾಪ್ ಲೀಕ್ ಬಾಟಲಿಗೆ ಇದಕ್ಕಿಂತ ಅನುಕೂಲವಾದ ಸೋರಿಕೆ ಇನ್ನೊಂದಿಲ್ಲ ಎನ್ನಬಹುದು, ಹೀಗಾಗಿ ಅದರ ಪರೀಕ್ಷೆ ನ್ಯಾಯವಾಗಿಯೇ ನಡೆಯಿತು.

ಈ ದ್ರವ ಕೆಲಸ ಮಾಡುವ ಬಗೆಯಲ್ಲಿ ಮಾಯೆಯೇನೂ ಇಲ್ಲ. ಹಳೆಯ ಕಾರುಗಳ ಸ್ಟೀರಿಂಗ್ ಸೀಲುಗಳಲ್ಲಿ ಬಹುಪಾಲು ನೈಟ್ರೈಲ್ ರಬ್ಬರಿನವು. ಸುಮಾರು 100 ಡಿಗ್ರಿ ಸೆಲ್ಸಿಯಸ್‌ವರೆಗಿನ ಬಿಸಿಯನ್ನು ಈ ರಬ್ಬರು ತಾಳಿಕೊಳ್ಳುತ್ತದೆ. ಅದನ್ನು ಮೀರಿದ ಬಿಸಿಯಲ್ಲಿ ವರ್ಷಗಟ್ಟಲೆ ಬೆಂದರೆ ಅದನ್ನು ಮೆತ್ತಗೆ ಇಟ್ಟಿದ್ದ ಅಂಶ ಹೊರಟುಹೋಗಿ ಸೀಲು ಕುಗ್ಗಿ ಗಡಸಾಗುತ್ತದೆ, ಅದರ ತುಟಿ ಶಾಫ್ಟನ್ನು ಬಿಗಿಯಾಗಿ ಅಪ್ಪುವುದನ್ನು ಬಿಡುತ್ತದೆ. ಬಾಟಲಿಯಲ್ಲಿರುವ ಎಸ್ಟರ್ ಜಾತಿಯ ರಾಸಾಯನಿಕಗಳು ರಬ್ಬರಿನೊಳಗೆ ನಿಧಾನವಾಗಿ ಇಳಿದು ಅದನ್ನು ಮತ್ತೆ ಸ್ವಲ್ಪ ಉಬ್ಬಿಸಿ ಮೆತ್ತಗೆ ಮಾಡುತ್ತವೆ. ಕೆಲವು ಬಾಟಲಿಗಳಲ್ಲಿ ಆಯಿಲನ್ನು ದಪ್ಪಗೊಳಿಸುವ ಅಂಶವೂ ಇರುತ್ತದೆ. ದಪ್ಪ ಆಯಿಲ್ ಕಿರಿದಾದ ಸಂದಿನಿಂದ ತಡವಾಗಿ ಜಿನುಗುತ್ತದೆಯಾದ್ದರಿಂದ ಮೊದಲ ದಿನವೇ ಕಾಣುವ ಸುಧಾರಣೆ ಹೆಚ್ಚಾಗಿ ಇದರ ಪ್ರಭಾವ, ಸೀಲು ಸರಿಯಾದುದರ ಗುರುತಲ್ಲ. ಸೀಲಿನ ಮೇಲಿನ ನಿಜವಾದ ಪರಿಣಾಮ ಕಾಣಲು ಕಾರು ಕೆಲವು ನೂರು ಕಿಲೋಮೀಟರ್ ಓಡಿರಬೇಕು.

ಫಲಿತಾಂಶವನ್ನು ಹೇಳುವುದಾದರೆ, ಜಿನುಗು ಸ್ಪಷ್ಟವಾಗಿ ಕಡಿಮೆಯಾಯಿತು. ಪಂಪಿನ ಕೆಳಭಾಗ ತೊಟ್ಟಿಕ್ಕುವುದನ್ನು ಬಿಟ್ಟು ಬರೀ ತೇವವಾಗಿ ಉಳಿಯಿತು, ಡಬ್ಬಿಗೆ ಆಯಿಲ್ ಹಾಕುವ ಅಗತ್ಯ ಬಹಳ ದಿನ ಬೀಳಲಿಲ್ಲ. ಆದರೆ ಚಳಿಯ ಬೆಳಿಗ್ಗೆಗಳಲ್ಲಿ ಎಂಜಿನ್ ಚಾಲೂ ಮಾಡಿದ ಕೂಡಲೇ ಸ್ಟೀರಿಂಗ್ ಮೊದಲಿಗಿಂತ ತುಸು ಭಾರವಾಗಿ ತಿರುಗುತ್ತಿತ್ತು, ಪಂಪಿನ ಕೊರಗುವ ಸದ್ದೂ ಆಯಿಲ್ ಬಿಸಿಯಾಗುವವರೆಗೆ ಕೇಳಿಸುತ್ತಿತ್ತು. ದಪ್ಪಗಾದ ಆಯಿಲ್ ಇದಕ್ಕೆ ಕಾರಣವೆಂದು ಊಹಿಸಲು ಹೆಚ್ಚು ಬುದ್ಧಿ ಬೇಕಿಲ್ಲ. ಕೆಲವು ತಿಂಗಳ ಮೇಲೆ ಜಿನುಗು ಮೆಲ್ಲಗೆ ಮರಳಿತು. ಎರಡನೆಯ ಬಾಟಲಿಯನ್ನು ಸುರಿಯುವ ಆಲೋಚನೆಯನ್ನು ಕೈಬಿಟ್ಟೆ. ಒಮ್ಮೆ ಉಬ್ಬಿದ ರಬ್ಬರನ್ನು ಮತ್ತೆ ಮತ್ತೆ ಉಬ್ಬಿಸುತ್ತಾ ಹೋದರೆ ಅದು ತನ್ನ ಬಲವನ್ನು ಕಳೆದುಕೊಳ್ಳುತ್ತದೆ, ಮತ್ತು ಆ ರಾಸಾಯನಿಕ ಸೋರುವ ಸೀಲನ್ನು ಹುಡುಕಿಕೊಂಡು ಹೋಗುವುದಿಲ್ಲ. ಚೆನ್ನಾಗಿದ್ದ ಉಳಿದ ಸೀಲುಗಳನ್ನೂ ಅಷ್ಟೇ ಉಬ್ಬಿಸುತ್ತದೆ.

ಹೀಗಾಗಿ ಬಾಟಲಿಯ ಬಗೆಗಿನ ನನ್ನ ತೀರ್ಪು ಹೀಗಿದೆ. ಗಡಸಾದ ಸೀಲಿನಿಂದ ನಿಧಾನವಾಗಿ ಜಿನುಗುವ ಸೋರಿಕೆಗೆ, ರಿಪೇರಿಯನ್ನು ಸ್ವಲ್ಪ ಕಾಲ ಮುಂದೂಡಲು ಇದು ಯೋಗ್ಯ ಸರಕು. ಬಿರುಕುಬಿಟ್ಟ ಹೋಸು, ಸಡಿಲವಾದ ಕ್ರಿಂಪು, ತುಕ್ಕು ತಿಂದ ಲೋಹದ ಕೊಳವೆ, ಹರಿದ ಸೀಲು, ಸವೆದ ಶಾಫ್ಟು ಇವುಗಳಲ್ಲಿ ಒಂದಕ್ಕೂ ಇದು ಮದ್ದಲ್ಲ. ಬಾಟಲಿಯ ಮೇಲಿನ ಚೀಟಿ ಈ ಭೇದವನ್ನು ದೊಡ್ಡ ಅಕ್ಷರದಲ್ಲಿ ಹೇಳಬೇಕಾಗಿತ್ತು. ಅದರಲ್ಲಿ ಎದ್ದು ಕಾಣುವುದು ‘ಎಲ್ಲ ಸೋರಿಕೆಗಳನ್ನೂ ನಿಲ್ಲಿಸುತ್ತದೆ’ ಎಂಬ ಮಾತು ಮಾತ್ರ. ಇದೇ ಸಂದರ್ಭದಲ್ಲಿ, ಬಾಟಲಿಯ ಬದಲು ಸ್ವಲ್ಪ ಬ್ರೇಕ್ ಆಯಿಲನ್ನೇ ಡಬ್ಬಿಗೆ ಹಾಕಿದರೆ ಸೀಲು ಉಬ್ಬುತ್ತದೆ ಎಂಬ ಸಲಹೆ ಕೆಲವರ ಬಾಯಲ್ಲಿ ಕೇಳಿಬರುತ್ತದೆ. ಉಬ್ಬುವುದು ನಿಜ. ಆದರೆ ಡಾಟ್ 3 ಮತ್ತು ಡಾಟ್ 4 ಬ್ರೇಕ್ ಆಯಿಲ್ ಗ್ಲೈಕಾಲ್ ಮೂಲದ್ದಾಗಿದ್ದು ನೈಟ್ರೈಲ್ ರಬ್ಬರಿಗೆ ಒಗ್ಗುವುದಿಲ್ಲ, ಸ್ಟೀರಿಂಗ್ ಆಯಿಲ್ ಜೊತೆ ಬೆರೆಯುವುದೂ ಇಲ್ಲ. ಮೊದಲು ಉಬ್ಬಿದ ಸೀಲು ಆಮೇಲೆ ಮೆತ್ತಗಾಗಿ ಹಾಳಾಗುತ್ತದೆ. ಒಂದು ಸೀಲಿನ ರಿಪೇರಿಯನ್ನು ಪಂಪು, ರ್ಯಾಕ್ ಎರಡರ ಬದಲಾವಣೆಯವರೆಗೆ ಎಳೆದುಕೊಂಡು ಹೋಗಲು ಇದಕ್ಕಿಂತ ಚಿಕ್ಕ ದಾರಿ ಇರಲಾರದು.

ಇನ್ನು ಸೀಲ್ ಕಿಟ್. ಚಿಕ್ಕ ಪ್ಲಾಸ್ಟಿಕ್ ಚೀಲದಲ್ಲಿ ಒಂದು ಶಾಫ್ಟ್ ಸೀಲು, ಪಂಪಿನ ಮೈಯ ಓ-ರಿಂಗುಗಳು (ಸಂದು ಮುಚ್ಚುವ ರಬ್ಬರ್ ಉಂಗುರಗಳು), ಒತ್ತಡದ ಕಿಂಡಿಯ ಓ-ರಿಂಗು ಮತ್ತು ಭಾಗ ಜಾರದಂತೆ ಹಿಡಿಯುವ ಒಂದು ಸರ್ಕ್ಲಿಪ್ ಇದ್ದವು. ರಬ್ಬರಿನ ಗುಣಮಟ್ಟ ಚೆನ್ನಾಗಿತ್ತು, ಸೀಲಿನ ತುಟಿಯಲ್ಲಿ ಅಚ್ಚಿನ ಗೀರುಗಳಿರಲಿಲ್ಲ, ಒಳಗಿನ ಸುರುಳಿ ಸ್ಪ್ರಿಂಗ್ ತನ್ನ ಜಾಗದಲ್ಲಿ ಸರಿಯಾಗಿ ಕುಳಿತಿತ್ತು. ಎರಡು ಕೊರತೆಗಳಿದ್ದವು. ಬಾಂಜೋ ಬೋಲ್ಟಿನ ವಾಷರ್‌ಗಳು ಕಿಟ್‌ನಲ್ಲಿ ಇರಲಿಲ್ಲ. ಒತ್ತಿದಾಗ ಚಪ್ಪಟೆಯಾಗಿ ಸಂದನ್ನು ಮುಚ್ಚುವ ಇಂತಹ ತಾಮ್ರದ ಅಥವಾ ಅಲ್ಯೂಮಿನಿಯಮ್ ವಾಷರ್‌ಗಳನ್ನು ಪ್ರತಿಸಲ ಹೊಸದಾಗಿ ಹಾಕಬೇಕಾದ್ದರಿಂದ ಅವನ್ನು ಬೇರೆಯಾಗಿಯೇ ತರಬೇಕಾಯಿತು. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು: ಯಾವ ಓ-ರಿಂಗ್ ಎಲ್ಲಿ ಕೂರುತ್ತದೆ ಎಂದು ಹೇಳುವ ಒಂದು ಚಿತ್ರವೂ ಒಳಗಿರಲಿಲ್ಲ. ಗಾತ್ರದಲ್ಲಿ ಕೂದಲೆಳೆಯ ವ್ಯತ್ಯಾಸವಿರುವ ಎರಡು ಓ-ರಿಂಗುಗಳನ್ನು ಅದಲುಬದಲು ಮಾಡುವ ಅಪಾಯ ಇಲ್ಲಿ ನಿಜವಾಗಿ ಇದೆ. ಹಳೆಯದನ್ನು ತೆಗೆದ ಕೂಡಲೇ ಹೊಸದನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿ ಜೋಡಿಸುತ್ತಾ ಹೋಗುವುದೇ ಅದಕ್ಕೆ ಪರಿಹಾರ.

ಕೆಲಸದ ಕಷ್ಟವೆಲ್ಲ ಪುಲ್ಲಿಯಲ್ಲಿದೆ. ಕೆಲವು ಪಂಪುಗಳಲ್ಲಿ ಪುಲ್ಲಿಯನ್ನು ನಟ್ಟಿನಿಂದ ಬಿಗಿದಿರುತ್ತಾರೆ, ಇನ್ನು ಅನೇಕವುಗಳಲ್ಲಿ ಶಾಫ್ಟಿಗೆ ಒತ್ತಿ ಕೂರಿಸಿರುತ್ತಾರೆ. ಒತ್ತಿ ಕೂರಿಸಿದ್ದನ್ನು ತೆಗೆಯಲು ಅದಕ್ಕೆಂದೇ ಮಾಡಿದ ಪುಲ್ಲರ್ ಬೇಕು, ಮರಳಿ ಕೂರಿಸಲು ಶಾಫ್ಟಿನ ಥ್ರೆಡ್ಡಿನೊಳಗೆ ಹೋಗುವ ಸ್ಕ್ರೂ ಇರುವ ಉಪಕರಣ ಬೇಕು. ಸುತ್ತಿಗೆಯಿಂದ ಹೊಡೆದು ಕೂರಿಸಿದರೆ ಆ ಹೊಡೆತ ಶಾಫ್ಟಿನ ಮೂಲಕ ನೇರವಾಗಿ ಒಳಗಿನ ರೋಟರಿಗೂ ಬೇರಿಂಗಿಗೂ ತಲುಪುತ್ತದೆ. ಪುಲ್ಲಿ ಹೊರಬಂದ ಮೇಲೆ ಹಳೆಯ ಸೀಲನ್ನು ಶಾಫ್ಟಿಗೆ ಗೀರು ಬೀಳದಂತೆ ಎಬ್ಬಿಸಬೇಕು. ಹೊಸ ಸೀಲಿನ ಸ್ಪ್ರಿಂಗ್ ಇರುವ ಬದಿ ಆಯಿಲ್ ಕಡೆಗೆ ಇರಬೇಕು. ಶಾಫ್ಟಿನ ತುದಿಯ ಚೂಪಾದ ಅಂಚಿಗೆ ಟೇಪ್ ಸುತ್ತಿ, ಸೀಲಿನ ತುಟಿಗೆ ಆಯಿಲ್ ಸವರಿ, ಸರಿಯಾದ ಅಳತೆಯ ಸಾಕೆಟ್ಟಿನಿಂದ ಸಮನಾಗಿ ಒತ್ತಿ ಕೂರಿಸಬೇಕು. ಪಂಪಿನ ಹಿಂಬದಿಯನ್ನೂ ಬಿಚ್ಚಿದರೆ ಆಯಿಲನ್ನು ತಳ್ಳುವ ತೆಳ್ಳಗಿನ ಪಟ್ಟಿಗಳಾದ ವೇನ್‌ಗಳ ದುಂಡು ಅಂಚು ಹೊರಗಿನ ಉಂಗುರದ ಕಡೆಗೆ ಇರುವಂತೆ ಜೋಡಿಸಬೇಕಾಗುತ್ತದೆ.

ಕಿಟ್ ಕೊಳ್ಳುವ ಮೊದಲು ತಿಳಿಯಲಾಗದ ಸಂಗತಿ ಎಂದರೆ ಶಾಫ್ಟಿನ ಸ್ಥಿತಿ. ಸೀಲಿನ ತುಟಿ ಉಜ್ಜಿದ ಜಾಗದಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ತೋಡು ಬಿದ್ದಿದ್ದರೆ, ಅಥವಾ ಶಾಫ್ಟನ್ನು ಹಿಡಿದು ಮೇಲೆ ಕೆಳಗೆ ಅಲುಗಿಸಿದಾಗ ಆಟ, ಅಂದರೆ ಸಡಿಲ, ಕಂಡರೆ, ಹೊಸ ಸೀಲು ಕೂಡ ಬಹಳ ದಿನ ಬಾಳುವುದಿಲ್ಲ. ಆಗ ಕಿಟ್ಟನ್ನು ಬದಿಗಿಟ್ಟು ಪೂರ್ತಿ ಪಂಪನ್ನೇ ಬದಲಿಸುವುದು ಲೇಸು. ನನ್ನ ಪಂಪಿನ ಶಾಫ್ಟಿನಲ್ಲಿ ಹೊಳಪಿನ ಒಂದು ಗೆರೆ ಮಾತ್ರ ಇತ್ತು, ಆಟವಿರಲಿಲ್ಲ. ಕಿಟ್ಟಿನ ಯಶಸ್ಸಿನಲ್ಲಿ ಈ ಅದೃಷ್ಟಕ್ಕೂ ಪಾಲು ಕೊಡಬೇಕು.

ಆಯಿಲ್ ಆಯ್ಕೆಯಲ್ಲಿ ಕಾರಿನ ಕೈಪಿಡಿಯನ್ನು ಮೀರಬಾರದು. ಕೆಲವು ತಯಾರಕರು ಕೆಂಪು ಬಣ್ಣದ ಡೆಕ್ಸ್‌ರಾನ್ ಜಾತಿಯ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲನ್ನೇ ಸ್ಟೀರಿಂಗಿಗೂ ಹೇಳಿರುತ್ತಾರೆ, ಕೆಲವರು ಹಸಿರು ಬಣ್ಣದ ಸಿಂಥೆಟಿಕ್ ಹೈಡ್ರಾಲಿಕ್ ಆಯಿಲನ್ನು ಬಯಸುತ್ತಾರೆ, ಹೋಂಡಾದಂತಹವರು ತಮ್ಮದೇ ಆಯಿಲನ್ನು ಸೂಚಿಸುತ್ತಾರೆ. ಸ್ಟಾಪ್ ಲೀಕ್ ಬೆರೆತ ಹಳೆಯ ಆಯಿಲನ್ನು ಪೂರ್ತಿ ಹೊರಹಾಕಿ ಹೊಸದನ್ನು ತುಂಬಿದ ಮೇಲೆ ಗಾಳಿ ತೆಗೆಯುವ ಕೆಲಸಕ್ಕೆ ಅವಸರ ಸಲ್ಲದು. ಮುಂದಿನ ಚಕ್ರಗಳನ್ನು ಜ್ಯಾಕಿನಿಂದ ಎತ್ತಿ ಭದ್ರವಾದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಎಂಜಿನ್ ಆಫ್ ಇರುವಾಗಲೇ ಸ್ಟೀರಿಂಗನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ಹತ್ತಿಪ್ಪತ್ತು ಸಲ ತಿರುಗಿಸಿ, ಗುಳ್ಳೆ ಏಳುವುದು ನಿಂತ ಮೇಲೆ ಎಂಜಿನ್ ಚಾಲೂ ಮಾಡಬೇಕು. ಡಬ್ಬಿಯಲ್ಲಿ ಆಯಿಲ್ ಹಾಲಿನಂತೆ ನೊರೆಗಟ್ಟಿದ್ದರೆ ಗಾಳಿ ಇನ್ನೂ ಉಳಿದಿದೆ ಎಂದೋ, ಪಂಪು ಹೀರಿಕೊಳ್ಳುವ ಬದಿಯ ಹೋಸಿನ ಕ್ಲಿಪ್ಪು ಸಡಿಲವಾಗಿದೆ ಎಂದೋ ಅರ್ಥ. ಸ್ಟೀರಿಂಗನ್ನು ತುದಿಯಲ್ಲಿ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಹಿಡಿದಿಡಬಾರದು.

ಕಿಟ್ ಹಾಕಿದ ಮೇಲೆ ಪಂಪು ಒಣಗಿದಂತೆಯೇ ಉಳಿದಿದೆ, ಒಂದು ಮಳೆಗಾಲ ಕಳೆದ ಮೇಲೂ ಡಬ್ಬಿಯ ಮಟ್ಟ ಗುರುತಿನಿಂದ ಇಳಿದಿಲ್ಲ, ಚಳಿಯಲ್ಲಿ ಕೇಳುತ್ತಿದ್ದ ಕೊರಗೂ ಹೋಗಿದೆ. ಬಾಟಲಿಗೆ ಹೋಲಿಸಿದರೆ ಕಿಟ್ಟಿಗೆ ಶ್ರಮ ಹಲವು ಪಟ್ಟು ಹೆಚ್ಚು, ಆದರೆ ಸರಕಿನ ಬೆಲೆಯಲ್ಲಿ ಅಂತಹ ಅಂತರವೇನೂ ಇಲ್ಲ. ಮೆಕ್ಯಾನಿಕ್‌ಗೆ ಕೊಡುವುದಾದರೆ ಕೂಲಿಯೇ ಖರ್ಚಿನ ಬಹುಪಾಲಾಗುತ್ತದೆ. ಆ ಲೆಕ್ಕದಲ್ಲಿ ಕೆಲವರಿಗೆ ದುರಸ್ತಿ ಮಾಡಿದ ಸಿದ್ಧ ಪಂಪನ್ನೇ ಕೊಳ್ಳುವುದು ಸರಿಯೆನಿಸಬಹುದು.

ಸೋರಿಕೆ ಒತ್ತಡದ ಹೋಸಿನಲ್ಲಿದ್ದರೆ ಈ ಎರಡೂ ಸರಕುಗಳ ಮೇಲೆ ಹಣ ಹಾಕಬಾರದು. ಅದಕ್ಕೆ ಹೊಸ ಹೋಸೇ ಬೇಕು, ಇಲ್ಲವೇ ಪವರ್ ಸ್ಟೀರಿಂಗಿಗೆಂದೇ ತಯಾರಾದ ಹೋಸ್ ಬಳಸಿ ಯಂತ್ರದಲ್ಲಿ ಕ್ರಿಂಪ್ ಮಾಡಿಸಬೇಕು. ಸ್ಕ್ರೂ ಕ್ಲಿಪ್ಪಿನಿಂದ ಕಟ್ಟಿದ ತೇಪೆ ಆ ಒತ್ತಡವನ್ನು ತಡೆಯುವುದಿಲ್ಲ, ಅಲ್ಲಿಂದ ಚಿಮ್ಮಿದ ಆಯಿಲ್ ಕಾದ ಎಕ್ಸಾಸ್ಟ್ ಕೊಳವೆಯ ಮೇಲೆ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು. ರ್ಯಾಕ್‌ನ ತುದಿಯ ಸೀಲು ಹೋಗಿದ್ದರೆ ಅದಕ್ಕೂ ಬೇರೆ ಕಿಟ್ ಸಿಗುತ್ತದೆ. ಆದರೆ ರ್ಯಾಕ್‌ನ ಒಳಗಿನ ಸೀಲುಗಳನ್ನು ಹಲ್ಲುಗಳ ಮೇಲಿಂದ ಹರಿಯದಂತೆ ದಾಟಿಸಲು ಹಲ್ಲುಗಳನ್ನು ಮುಚ್ಚುವ ವಿಶೇಷ ಕೊಳವೆ (ಸ್ಲೀವ್) ಬೇಕಾಗುತ್ತದೆ, ರಾಡಿನ ಮೇಲೆ ತುಕ್ಕಿನ ಚುಕ್ಕೆಗಳಿದ್ದರೆ ಹೊಸ ಸೀಲು ಬೇಗನೆ ಹರಿಯುತ್ತದೆ. ಆ ಕಿಟ್ಟನ್ನು ಮನೆಯಲ್ಲಿ ಹಾಕಿಕೊಳ್ಳುವಂತೆ ನಾನು ಯಾರಿಗೂ ಶಿಫಾರಸು ಮಾಡಲಾರೆ. ದುರಸ್ತಿಯಾದ ರ್ಯಾಕ್ ಹಾಕಿಸಿ, ರ್ಯಾಕನ್ನು ಚಕ್ರಗಳಿಗೆ ಕೂಡಿಸುವ ಟೈ ರಾಡುಗಳನ್ನು ಬಿಚ್ಚಿ ಜೋಡಿಸಿದ್ದರಿಂದ ವೀಲ್ ಅಲೈನ್‌ಮೆಂಟನ್ನೂ ಜೊತೆಗೇ ಮಾಡಿಸಿಕೊಳ್ಳಬೇಕು.